ನೀರಿಲ್ಲದ ಊರು ಎಂದು ಹೇಳುತ್ತಿದ್ದೆವು

ನಮ್ಮ ಕಡೆಯ ಸರ್ಕಾರಿ ಶಾಲೆಯ ಶಿಕ್ಷಕರಲ್ಲಿ ಒಂದು ಪದ್ಧತಿ ಇದೆ. ವರ್ಗಾವಣೆಯ ಕೌನ್ಸೆಲಿಂಗ್ ದಿನ ಪರದೆಯ ಮೇಲೆ ಖಾಲಿ ಹುದ್ದೆಗಳ ಪಟ್ಟಿ ಬರುತ್ತದೆ. ನಮ್ಮ ಸರದಿ ಬರುವುದರೊಳಗೆ ನಾಲ್ಕಾರು ಊರುಗಳನ್ನು ಗುರುತು ಮಾಡಿಕೊಂಡು, ಅಲ್ಲಿಯ ಮುಖ್ಯ ಶಿಕ್ಷಕರ ನಂಬರು ಹುಡುಕಿ ಫೋನು ಹಚ್ಚುತ್ತೇವೆ. "ಸಾಲಿ ಹೆಂಗ ಐತ್ರಿ? ಬಸ್ ಬರತೇತೇನ್ರಿ? ನೀರಿನ ವ್ಯವಸ್ಥಾ?" ಎಂದು ಕೇಳುತ್ತೇವೆ. ಆ ಕಡೆಯಿಂದ ಬರುವ ಉತ್ತರದಲ್ಲಿ ಒಂದಕ್ಷರ ನಿಜ ಇರುವುದಿಲ್ಲ. ಬದಲಿ ಬಂದರೆ ತನಗೆ ಬಿಡುಗಡೆ ಎಂದು ಕಾಯುತ್ತಿರುವವನು ಆ ಊರನ್ನು ಸ್ವರ್ಗ ಮಾಡುತ್ತಾನೆ. ಯಾರೂ ಬರುವುದು ಬೇಡ ಎನ್ನುವವನು ಅದೇ ಊರನ್ನು ನರಕ ಮಾಡುತ್ತಾನೆ. ಇದು ಎಲ್ಲರಿಗೂ ಗೊತ್ತಿದ್ದರೂ ಫೋನು ಮಾಡುತ್ತೇವೆ, ಕೇಳಿದ್ದನ್ನು ನಂಬುತ್ತೇವೆ. ಸತ್ಯವನ್ನೇ ನುಡಿಯಿರಿ ಎಂದು ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸುವವರೂ ನಾವೇ.

ನಾನು ಮೊದಲ ಹನ್ನೊಂದು ವರ್ಷ ಕಲಿಸಿದ್ದು ಕಿತ್ತೂರಿನ ಕಡೆಯ ಒಂದು ಹಳ್ಳಿಯಲ್ಲಿ. ಮಳೆ ಚೆನ್ನಾಗಿತ್ತು, ಜನ ಸೌಮ್ಯವಾಗಿದ್ದರು, ಬೈಲಹೊಂಗಲದ ನನ್ನ ಮನೆಯಿಂದ ಒಂದೇ ಬಸ್ಸು. ಆಮೇಲೆ ಆ ಊರಿಗೆ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಬರತೊಡಗಿತು. ಒಂದೊಂದೇ ಮಗು ಅದನ್ನು ಹತ್ತಿ ಹೋಯಿತು. ಕಡೆಗೆ ನನ್ನ ಹೆಸರು 'ಹೆಚ್ಚುವರಿ ಶಿಕ್ಷಕರು' ಎಂಬ ಪಟ್ಟಿಯಲ್ಲಿ ಬಂತು. ಹನ್ನೊಂದು ವರ್ಷ ದುಡಿದವಳಿಗೆ ಹೆಚ್ಚಾದವಳು ಎಂಬ ಹೆಸರು. ಕೌನ್ಸೆಲಿಂಗ್‌ನಲ್ಲಿ ನನ್ನ ಸರದಿ ಬರುವ ಹೊತ್ತಿಗೆ ಉಳಿದದ್ದು ಸವದತ್ತಿ, ರಾಮದುರ್ಗದ ನಡುವಿನ ಕೆಲವು ಊರು. ಒಂದಕ್ಕೆ ಫೋನು ಮಾಡಿದೆ.

"ಬರ್ರಿ ಅಕ್ಕೋರ, ಬರ್ರಿ. ಭಾಳ ತಂಪ ಊರ. ಹೊಳಿ ಬಾಜೂಕ ಐತಿ" ಎಂದು ಅಲ್ಲಿಯ ಮಾಸ್ತರರು ಹೇಳಿದರು. ಹೊಳೆ ಇತ್ತು, ಎಷ್ಟೋ ದೂರದ ಮನೋಳಿಯಲ್ಲಿ. ಊರಲ್ಲಿ ಇದ್ದದ್ದು ಕೆಂಪು ಗರಸು ಮಣ್ಣು, ಕಲ್ಲು, ಜಾಲಿ. ಗಾಳಿ ಎದ್ದರೆ ಕರಿ ಹಲಗೆ ಕೆಂಪಗಾಗುತ್ತಿತ್ತು. ನಾನು ಹಾಜರಾಗಿ ಸಹಿ ಮಾಡಿ ತಲೆ ಎತ್ತುವಷ್ಟರಲ್ಲಿ ಆ ಪುಣ್ಯಾತ್ಮ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಹೊರಗಿದ್ದರು. ಅವರು ಓಡಿದ ರೀತಿ ನೋಡಿಯೇ ನನಗೆ ಊರು ಅರ್ಥವಾಯಿತು.

ಶಿಕ್ಷಕರ ಬಳಗದಲ್ಲಿ ಆ ಊರಿಗೆ ದುಬೈ ಎಂದು ಅಡ್ಡಹೆಸರು. ಮರಳುಗಾಡು ಎನ್ನುವ ಅರ್ಥದಲ್ಲಿ, ಬಂಗಾರದ ಅರ್ಥದಲ್ಲಿ ಅಲ್ಲ. ಸವದತ್ತಿಯ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡ ಕೂಡಲೆ, "ಏನ್ರಿ, ದುಬೈಕ ಹೊಂಟ್ರೇನು?" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೊಳಗೆ ಅವರೆಲ್ಲರೂ ಅಲ್ಲಿಗೇ ಬಂದು ಬೀಳಲಿ ಎಂದು ಶಾಪ ಹಾಕುತ್ತಿದ್ದೆ.

ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆ, ಎರಡು ಹುದ್ದೆ. ಒಂದರಲ್ಲಿ ನಾನು. ಇನ್ನೊಂದು ಖಾಲಿ. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕಿಯಾಗಿ ಬಂದವಳು ರಾಮದುರ್ಗದ ಒಬ್ಬ ಹೆಣ್ಣುಮಗಳು. ಅತಿಥಿ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುದ್ದೆ ಖಾಲಿ ಇರುವಷ್ಟು ದಿನ ಕಲಿಸಬೇಕು. ಕಾಯಂ ಶಿಕ್ಷಕರು ಬಂದ ದಿನ ಎದ್ದು ಹೋಗಬೇಕು. ಪ್ರತಿ ಜೂನ್ ತಿಂಗಳಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ನಮ್ಮಲ್ಲಿ ಮನೆಗೆ ಬಂದ ಅತಿಥಿಗೆ ಮಣೆ ಹಾಕಿ ಕೂಡಿಸುತ್ತೇವೆ. ಶಾಲೆಗೆ ಬಂದ ಅತಿಥಿಗೆ ಕುರ್ಚಿ ಕೂಡ ಗಟ್ಟಿಯಿಲ್ಲ.

ಅವಳಿಗೆ ಮೂವತ್ತೆಂಟೋ ಮೂವತ್ತೊಂಬತ್ತೋ ಆಗಿತ್ತು. ಮದುವೆ ಆಗಿರಲಿಲ್ಲ. ಎರಡು ಸಲ ಸರ್ಕಾರಿ ನೇಮಕಾತಿಯಲ್ಲಿ ಕೂದಲೆಳೆಯಲ್ಲಿ ತಪ್ಪಿ, ಆಮೇಲೆ ವಯಸ್ಸೇ ದಾಟಿಹೋಗಿತ್ತು. ಕಣ್ಣು ಮಂಜಾದ ತಾಯಿಯನ್ನು ಕರೆದುಕೊಂಡು ಬಂದು ಅದೇ ಊರಲ್ಲಿ ಒಂದು ಕೋಣೆ ಹಿಡಿದಿದ್ದಳು. ಆ ಖಾಲಿ ಹುದ್ದೆ ಖಾಲಿಯಾಗಿ ಉಳಿದರೆ ಮಾತ್ರ ಇಬ್ಬರ ಒಲೆ ಹೊತ್ತುತ್ತಿತ್ತು. ಮಕ್ಕಳು ನನ್ನನ್ನು ದೊಡ್ಡಕ್ಕೋರು, ಅವಳನ್ನು ಸಣ್ಣಕ್ಕೋರು ಎಂದು ಕರೆದರು.

ಅವಳ ಮನೆತನದವರು ಬುದ್ಧನ ದಾರಿ ಹಿಡಿದವರು. ಕೋಣೆಯ ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗೆ ಅವಳ ಪದವಿಯ ಫೋಟೋ. ಮೊದಲ ವರ್ಷ ಊರಿನ ಕೆಲವರು ಅವಳ ಮನೆಯ ನೀರು ಕುಡಿಯುತ್ತಿರಲಿಲ್ಲ. ನಾನು ಹೋಗಿ ಚಹಾ ಕುಡಿದೆ. ಕುಡಿದದ್ದು ಎಲ್ಲರಿಗೂ ಕಾಣುವ ಹಾಗೆ ಹೊಸ್ತಿಲ ಮೇಲೆ ಕುಳಿತು ಕುಡಿದೆ. ಒಳ್ಳೆಯ ಕೆಲಸವೇ, ಇಲ್ಲ ಎನ್ನುವುದಿಲ್ಲ. ಆದರೆ ಆ ಒಂದು ಕಪ್ ಚಹಾವನ್ನು ನಾನು ಅವಳಿಗೆ ವರ್ಷಗಟ್ಟಲೆ ಮರೆಯಲು ಬಿಡಲಿಲ್ಲ. ಮಧ್ಯಾಹ್ನ ನನಗೆ ಬೇಗ ಬಸ್ಸು ಹಿಡಿಯಬೇಕಾದಾಗಲೆಲ್ಲ ಯಾವುದೋ ನೆಪದಲ್ಲಿ ಆ ಚಹಾದ ಮಾತು ತೆಗೆಯುತ್ತಿದ್ದೆ. ಅವಳು, "ನೀವು ಹೋಗ್ರಿ ಅಕ್ಕೋರ, ನಾ ಅದೇನಿ" ಎನ್ನುತ್ತಿದ್ದಳು.

ಅವಳು ಇದ್ದಳು, ನಿಜ. ಬೆಳಿಗ್ಗೆ ಮನೆ ಮನೆಗೆ ಹೋಗಿ ಮಕ್ಕಳನ್ನು ಎಬ್ಬಿಸಿ ಕರೆತರುತ್ತಿದ್ದಳು. ಬಿಸಿಯೂಟದ ಅಕ್ಕಿ ಆರಿಸುವಲ್ಲಿ ಕೈ ಹಾಕುತ್ತಿದ್ದಳು. ಇಲಾಖೆ ಕೇಳುವ ಮಾಹಿತಿಯನ್ನು ನನ್ನ ಹೆಸರಿನಲ್ಲಿ ತುಂಬುತ್ತಿದ್ದಳು. ನಾಲ್ಕನೆಯ ತರಗತಿಯ ಮಕ್ಕಳು ಭಾಗಾಕಾರವನ್ನು ನೀರು ಕುಡಿದಷ್ಟು ಸಲೀಸಾಗಿ ಮಾಡುತ್ತಿದ್ದರು. ನಾನು ಮುಖ್ಯ ಶಿಕ್ಷಕಿ, ಅಂದರೆ ಸಹಿ ಮಾಡುವವಳು. ಕಾಯಂ ಶಿಕ್ಷಕರು ಯಾರಾದರೂ ಬಂದಿದ್ದರೆ ನನ್ನ ಸಮಕ್ಕೆ ಕುರ್ಚಿ ಎಳೆದುಕೊಂಡು, ನನ್ನ ಬಸ್ಸಿಗಿಂತ ಮೊದಲಿನ ಬಸ್ಸಿಗೆ ಹೊರಡುತ್ತಿದ್ದರು. ಹೀಗಾಗಿ ಹುದ್ದೆ ಖಾಲಿ ಉಳಿಯುವುದು ಅವಳಿಗೆ ಹೊಟ್ಟೆಪಾಡು, ನನಗೆ ಸುಖ.

ಕೌನ್ಸೆಲಿಂಗ್ ಸಮಯದಲ್ಲಿ ಫೋನು ಬಂದಾಗ ನಾವಿಬ್ಬರೂ ಸೇರಿ ನಾಟಕ ಆಡುತ್ತಿದ್ದೆವು. ನಾನು ಫೋನು ಹಿಡಿದು ಕೂರುತ್ತಿದ್ದೆ. ಅವಳು ಎದುರಿಗೆ ಸ್ಲೇಟು ಹಿಡಿದು ನಿಂತು ಬಳಪದಲ್ಲಿ ಬರೆದು ತೋರಿಸುತ್ತಿದ್ದಳು. 'ನೀರು ಹನ್ನೊಂದು ದಿನಕ್ಕೊಮ್ಮೆ.' ನಾನು ಹೇಳುತ್ತಿದ್ದೆ. ಒರೆಸಿ, 'ಬಸ್ಸು ಇಲ್ಲ, ಮೂರು ಕಿಲೋಮೀಟರ್ ನಡಿಗೆ.' ಅದನ್ನೂ ಹೇಳುತ್ತಿದ್ದೆ. ಆ ಕಡೆಯವರು ಇನ್ನೂ ಜಗ್ಗದಿದ್ದರೆ ಕೊನೆಗೆ, 'ಹಾವು.' ಒಂದು ಸಲ ಹಾವನ್ನೂ ಜೀರ್ಣಿಸಿಕೊಂಡ ಗಟ್ಟಿ ಹೆಣ್ಣುಮಗಳು ಸಿಕ್ಕಿದ್ದಳು. ಅವಳಿಗೆ ನಾನೇ ಸ್ವಂತ ಬುದ್ಧಿಯಿಂದ, "ಸಂಡಾಸದಾಗ ಹಾವು ಅದಾವ್ರಿ" ಎಂದೆ. ಫೋನು ಅಲ್ಲಿಗೇ ಕಟ್ಟಾಯಿತು. ಸಣ್ಣಕ್ಕೋರು ಸ್ಲೇಟಿನಿಂದ ಮುಖ ಮುಚ್ಚಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆವು. ಆ ದಿನಗಳಲ್ಲಿ ಅವಳು ನನಗೆ ತಂಗಿಯಷ್ಟು ಹತ್ತಿರದವಳು ಎಂದು ನಾನೇ ನಂಬಿದ್ದೆ.

ಆದರೆ ಊರು ನಮ್ಮ ಸುಳ್ಳಿಗೆ ಕಾಯದೆ ಬೆಳೆಯಿತು. ಗುಡ್ಡದ ಮೇಲೆ ಗಾಳಿಯಂತ್ರಗಳು ಬಂದವು. ಅವುಗಳನ್ನು ಕಾಯುವವರು, ಕಲ್ಲು ಕಡಿಯುವವರು, ಟಿಪ್ಪರ್ ಓಡಿಸುವವರು ಬಂದರು. ಗರಸು ನೆಲದಲ್ಲಿ ಸುಣ್ಣದ ಗೆರೆ ಎಳೆದು ಪ್ಲಾಟು ಮಾಡಿದರು. ದೊಡವಾಡದ ಕಡೆಯ ಒಬ್ಬ ಬಂದು ಖಾನಾವಳಿ ತೆಗೆದ. ದಿನ ಬಿಟ್ಟು ದಿನ ನಲ್ಲಿಯಲ್ಲಿ ಹೊಳೆಯ ನೀರು ಬರತೊಡಗಿತು, ಬಸ್ಸು ಶಾಲೆಯ ಗೇಟಿನ ಮುಂದೆಯೇ ನಿಲ್ಲತೊಡಗಿತು. ಬಂದವರ ಮಕ್ಕಳನ್ನೆಲ್ಲ ಸಣ್ಣಕ್ಕೋರು ಹೆಕ್ಕಿ ಹೆಕ್ಕಿ ತಂದಳು. ಇಪ್ಪತ್ತೆರಡು ಇದ್ದ ಮಕ್ಕಳು ಅರವತ್ತರ ಹತ್ತಿರ ಬಂದರು. ಶಾಲೆ ಎಷ್ಟು ಚೆನ್ನಾಯಿತೋ ಆ ಹುದ್ದೆಯ ಮೇಲೆ ಕಣ್ಣು ಹಾಕುವವರೂ ಅಷ್ಟೇ ಹೆಚ್ಚಾದರು. ತನ್ನ ಕಾಲ ಕೆಳಗಿನ ನೆಲವನ್ನು ಅವಳು ತಾನೇ ಅಗೆಯುತ್ತಿದ್ದಳು. ನಾನು ಒಮ್ಮೆ ಅದನ್ನು ಹೇಳಿಯೂ ಬಿಟ್ಟೆ. "ಮಕ್ಕಳ ಸಾಲಿಗೆ ಬರೋದ ಬ್ಯಾಡ ಅನ್ನಾಕ ಆಗತೇತೇನ್ರಿ?" ಎಂದಳು. ಅವಳ ಆ ಒಳ್ಳೆಯತನ ನನಗೆ ಹಿಡಿಸಲಿಲ್ಲ.

ಏಳನೆಯ ವರ್ಷ ನನ್ನ ಮೊಣಕಾಲು ಕೈಕೊಟ್ಟಿತು. ಹದಿನೈದು ದಿನ ರಜೆ ಹಾಕಿ ಮನೆಯಲ್ಲಿ ಬಿದ್ದುಕೊಂಡೆ. ಮರಳಿ ಹೋದ ದಿನ ಬಸ್ಸಿನಿಂದ ಕುಂಟುತ್ತ ಇಳಿದರೆ, ದಿನಾ ಮಗನನ್ನು ಶಾಲೆಗೆ ಬಿಡಲು ಬರುವ ಹೆಂಗಸು ನನ್ನ ಕಾಲು ನೋಡಿ ಕೇಳಿದಳು: "ಕಾಲಿಗೇನಾತ್ರಿ ಅಕ್ಕೋರ? ನಿನ್ನೆ ಚಲೋ ಇದ್ರೆಲ್ರಿ?" ನಿನ್ನೆ! ಹದಿನೈದು ದಿನ ನಾನು ಇಲ್ಲದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಶಾಲೆಯೊಳಗೆ ಎಲ್ಲ ಸರಿಯಾಗಿತ್ತು. ಅದೇ ನನ್ನನ್ನು ಸುಟ್ಟಿತು. ಒಂದು ಕಿಟಕಿಯಾದರೂ ಒಡೆದಿರಬಾರದೇ ಎಂದು ಹುಡುಕಿದೆ.

ಆ ಜುಲೈ ತಿಂಗಳಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು ಬಂದರು. ಟಿಪ್ಪರ್ ಮಾಲೀಕರು, ದಪ್ಪ ದನಿಯ ಮನುಷ್ಯ, ಮನಸ್ಸಿನಲ್ಲಿ ಕೆಟ್ಟದ್ದು ಇಟ್ಟುಕೊಂಡವರಲ್ಲ. ಸಣ್ಣಕ್ಕೋರು ಅಲ್ಲೇ ಹಾಜರಿ ಪುಸ್ತಕ ಹಿಡಿದು ನಿಂತಿದ್ದಳು.

"ಅಕ್ಕೋರ, ಕೌನ್ಸೆಲಿಂಗ್ ಬಂತಂತಲ್ಲ. ನಮ್ಮ ಸಣ್ಣಕ್ಕೋರನ್ನ ಬಿಡಬ್ಯಾಡ್ರಿ" ಎಂದರು.

"ಅದು ನನ್ನ ಕೈಯಾಗ ಇಲ್ರಿ" ಎಂದೆ.

"ಏನರ ಮಾಡ್ರಿ. ನೀವೇನು, ಇನ್ನ ನಾಕ ವರ್ಷಕ್ಕ ರಿಟೈರ್ ಆಗೋರು. ನಾಳೆ ನೀವು ಬ್ಯಾರೆ ಕಡೆ ಹ್ವಾದ್ರೂ ನಡೀತೇತಿ. ಸಾಲಿ ನಡಸಾಕ ಈಕಿ ಒಬ್ಬಾಕಿ ಇದ್ರ ಸಾಕು."

ನಾನು ಸಣ್ಣಕ್ಕೋರ ಮುಖ ನೋಡಿದೆ. ಅವಳು ತಲೆ ತಗ್ಗಿಸಿದಳು. ತಗ್ಗಿಸುವ ಮೊದಲು ತುಟಿಯ ತುದಿಯಲ್ಲಿ ಒಂದು ನಗು ಬಂದು ಹೋಯಿತು. ಅದು ಗೆದ್ದವಳ ನಗುವಲ್ಲ, ನಾಚಿಕೆಯ ನಗು. ಈಗ ಯೋಚಿಸಿದರೆ ಅದು ಸ್ಪಷ್ಟ. ಅವತ್ತು ನನಗೆ ಕಂಡದ್ದು ನಗು ಮಾತ್ರ. ನಾನು ಚಹಾ ಕುಡಿದ ಉಪಕಾರಕ್ಕೆ ಇದೇನು ಉತ್ತರ ಎಂದು ಮೈ ಉರಿಯಿತು. ಚಹಾ ಅವಳದ್ದು, ಕುಡಿದವಳು ನಾನು ಎನ್ನುವುದು ಕೂಡ ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನು ಬಂತು. ಸಂಪಗಾಂವ ಕಡೆಯ ಒಬ್ಬ ಮಾಸ್ತರರು. ದನಿಯಲ್ಲಿ ಗಾಬರಿ, ಹಿಂದೆ ಮೈಕಿನಲ್ಲಿ ಹೆಸರು ಕೂಗುವ ಸದ್ದು.

"ಅಕ್ಕೋರ, ಇನ್ನ ಮೂರ ಮಂದಿ ಆದ ಮ್ಯಾಲೆ ನನ್ನ ಪಾಳಿ. ನಿಮ್ಮೂರು ತಗೋಬೇಕಂತ ಮಾಡೇನಿ. ಹೆಂಗ ಐತ್ರಿ?"

ಸಣ್ಣಕ್ಕೋರು ಆಗಲೇ ಸ್ಲೇಟು ಹುಡುಕುತ್ತಿದ್ದಳು. ನಾನು, ಒಳಗೆ ಗದ್ದಲ, ಕೇಳುವುದಿಲ್ಲ ಎಂದು ಕೈಸನ್ನೆ ಮಾಡಿ ಹೊರಗೆ ಬೇವಿನ ಗಿಡದ ಕೆಳಗೆ ಹೋದೆ. ಅವಳು ಕಿಟಕಿಗೆ ಬಂದಳು. ಸರಳುಗಳ ನಡುವಿನಿಂದ ಸ್ಲೇಟು ಎತ್ತಿ ತೋರಿಸಿದಳು. 'ನೀರು ಹನ್ನೊಂದು ದಿನಕ್ಕೊಮ್ಮೆ.'

ನಾನು ಅದನ್ನು ನೋಡುತ್ತ ಫೋನಿನಲ್ಲಿ ಹೇಳಿದೆ: "ನೀರಿನ ಚಿಂತಿ ಇಲ್ರಿ. ದಿನಾ ಬಿಟ್ಟು ದಿನಾ ಹೊಳಿ ನೀರ ಬರತೇತಿ."

ಅವಳು ಒರೆಸಿ ಬಸ್ಸಿನದು ಬರೆದಳು. ನಾನು, "ಬಸ್ ಗೇಟ ಮುಂದ ನಿಂದ್ರತೇತಿ" ಎಂದೆ. ಅವಳು ಹಾವು ಬರೆದಳು. ಬರೆದದ್ದು ಸಾಲದೆ ಈ ಸಲ ಒಂದು ಚಿತ್ರವನ್ನೂ ಬರೆದಿದ್ದಳು, ನನ್ನನ್ನು ನಗಿಸಲು. ನಾನು ತಲೆಯಾಡಿಸಿ ನಕ್ಕೆ. "ಮಕ್ಕಳು ಭಾಳ ಶಾಣ್ಯಾ ಅದಾವು. ಊರು ಬೆಳ್ಯಾಕ ಹತ್ತೇತಿ. ಬಿಡಬ್ಯಾಡ್ರಿ, ತಗೊಂಡ ಬಿಡ್ರಿ" ಎಂದೆ. ಅಷ್ಟು ವರ್ಷಗಳಲ್ಲಿ ಅಂಥ ಫೋನಿನಲ್ಲಿ ನಾನು ಹೇಳಿದ ಮೊದಲ ನಿಜ ಅದು.

ಒಳಗೆ ಬಂದಾಗ ಅವಳು, "ಅಂಜಿದ್ರೇನ್ರಿ?" ಎಂದು ಕೇಳಿದಳು. "ಹಾವಿಗೆ ಅಂಜಿದ್ರು" ಎಂದೆ. ಅವಳು ಸ್ಲೇಟನ್ನು ಒರೆಸಿ ಒಂದನೆಯ ತರಗತಿಯ ಮಗುವಿಗೆ ಕೊಟ್ಟಳು.

ಸಂಜೆಗೆ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಪಟ್ಟಿ ಬಂತು. ನಮ್ಮ ಊರಿನ ಮುಂದೆ ಒಂದು ಹೆಸರು ಇತ್ತು. ಅವಳು ಮರುದಿನ ಬೆಳಿಗ್ಗೆ ನನ್ನ ಮುಂದೆ ನಿಂತು, "ಅಂಜಿದ್ರು ಅಂದ್ರೆಲ್ರಿ ಅಕ್ಕೋರ?" ಎಂದಳು. "ನಾ ಎಷ್ಟ ಹೇಳಿದ್ರೂ ಕೇಳಲಿಲ್ಲವ್ವ, ಅವರ ಹಟ" ಎಂದೆ. ಅವಳು ನಂಬಿದಳು. ನನಗಾಗಿ ಬೇಸರವನ್ನೂ ಪಟ್ಟಳು: "ಹೋಗ್ಲಿ ಬಿಡ್ರಿ, ನೀವರ ಏನ ಮಾಡತೀರಿ." ಅತಿಥಿ ಶಿಕ್ಷಕರ ಆಯ್ಕೆ ಜೂನ್ ತಿಂಗಳಲ್ಲೇ ಮುಗಿದಿತ್ತು. ಸುತ್ತಲಿನ ಎಲ್ಲ ಶಾಲೆಗಳಲ್ಲೂ ಬೇರೆಯವರು ಕುಳಿತಿದ್ದರು. ಈಗ ಎದ್ದರೆ ಮುಂದಿನ ಜೂನ್‌ವರೆಗೆ ಅವಳಿಗೆ ಎಲ್ಲೂ ಜಾಗವಿಲ್ಲ. ಇದು ಫೋನು ಹಿಡಿದಾಗ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಿಟ್ಟಿನ ಭರದಲ್ಲಿ ಬಾಯಿ ತಪ್ಪಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಹತ್ತು ದಿನಕ್ಕೆ ಹೊಸ ಮಾಸ್ತರರು ಬಂದರು. ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪೇಡೆಯ ಡಬ್ಬಿ. ನನಗೆ ಮೊದಲು ಕೊಟ್ಟು, ಆಮೇಲೆ ಸಣ್ಣಕ್ಕೋರ ಮುಂದೆ ಡಬ್ಬಿ ಹಿಡಿದರು. ಹಿಡಿದುಕೊಂಡೇ ನನ್ನ ಕಡೆ ತಿರುಗಿ ಹೇಳಿದರು:

"ಖರೇ ಹೇಳಬೇಕಂದ್ರ ನಿಮ್ಮ ಉಪಕಾರ ಮರಿಯಾಂಗಿಲ್ರಿ ಅಕ್ಕೋರ. ಎಲ್ಲಾರೂ ಫೋನ್‌ದಾಗ ಸುಳ್ಳ ಹೇಳತಾರ. ನೀವು ಒಬ್ಬರ ಇದ್ದಂಗ ಹೇಳಿದ್ರಿ. ನೀರ ಐತಿ, ಬಸ್ ಐತಿ, ತಗೊಂಡ ಬಿಡ್ರಿ ಅಂದ್ರಿ. ಅದಕ್ಕ ತಗೊಂಡ್ನಿ."

ಸಣ್ಣಕ್ಕೋರ ಕೈ ಡಬ್ಬಿಯ ಮೇಲೆ ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡಿದಳು, ಹೊರಗಿನ ಬೇವಿನ ಗಿಡದ ಕಡೆ. ಆಮೇಲೆ ಪೇಡೆ ತೆಗೆದುಕೊಂಡು, "ಚಲೋ ಆತ್ರಿ ಸರ" ಎಂದಳು. ನಾನು ಅಳು ಬರುತ್ತದೆ, ಜಗಳ ಬರುತ್ತದೆ ಎಂದು ಕಾದೆ. ಜಗಳಕ್ಕೆ ಬೇಕಾದ ಮಾತುಗಳನ್ನು ಹತ್ತು ದಿನಗಳಿಂದ ಜೋಡಿಸಿ ಇಟ್ಟುಕೊಂಡಿದ್ದೆ. ಆ ಚಹಾ ಕೂಡ ಅದರಲ್ಲಿತ್ತು. ಒಂದೂ ಉಪಯೋಗಕ್ಕೆ ಬರಲಿಲ್ಲ.

ಅವಳು ಆ ಇಡೀ ದಿನ ಹೊಸಬರಿಗೆ ಶಾಲೆಯನ್ನು ಒಪ್ಪಿಸಿದಳು. ಈ ಮಗುವಿಗೆ ಹಿಂದಿನ ಸಾಲಿನಿಂದ ಹಲಗೆ ಕಾಣುವುದಿಲ್ಲ, ಮುಂದೆ ಕೂಡಿಸಿ. ಈ ಹುಡುಗಿಯ ತಂದೆ ತಾಯಿ ಕಲ್ಲಿನ ಕ್ವಾರಿಗೆ ಬೆಳಗಿನ ಜಾವ ಹೋಗುತ್ತಾರೆ, ಅವಳೇ ಅಡಿಗೆ ಮಾಡಿ ಬರುತ್ತಾಳೆ, ತಡವಾದರೆ ಬಯ್ಯಬೇಡಿ. ಇವನು ಗಣಿತದಲ್ಲಿ ಮುಂದು, ಆದರೆ ಓದುವಾಗ ತೊದಲುತ್ತಾನೆ, ಎಲ್ಲರ ಮುಂದೆ ನಿಲ್ಲಿಸಬೇಡಿ. ಹೊಸ ಮಾಸ್ತರರು ಎಲ್ಲವನ್ನೂ ಬರೆದುಕೊಂಡರು. ಅವರೊಬ್ಬ ಮೈಗಳ್ಳ ಆಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಊರೆಲ್ಲ ಸಣ್ಣಕ್ಕೋರನ್ನು ನೆನೆಸಿ ನನ್ನನ್ನು ಬಯ್ಯುತ್ತಿತ್ತು, ನಾನೂ ತಲೆ ತಗ್ಗಿಸಿ ಬಯ್ಯಿಸಿಕೊಂಡು ಋಣ ತೀರಿತು ಎನ್ನುತ್ತಿದ್ದೆ. ಅವರು ಒಳ್ಳೆಯ ಶಿಕ್ಷಕರು. ತಿಂಗಳೊಳಗೆ ಮಕ್ಕಳು ಅವರಿಗೆ ಅಂಟಿಕೊಂಡರು. ಎರಡು ತಿಂಗಳಿಗೆ ಆ ದಪ್ಪ ದನಿಯ ಅಧ್ಯಕ್ಷರೇ, "ಹೊಸಾ ಸರ ಭಾರಿ ಅದಾರ್ರಿ" ಎಂದರು. ಸಣ್ಣಕ್ಕೋರ ಮಾತು ಊರಲ್ಲಿ ಅಲ್ಲಿಗೆ ಮುಗಿಯಿತು. ಏಳು ವರ್ಷ ಹೊತ್ತವಳನ್ನು ಮರೆಯಲು ಜನರಿಗೆ ಎರಡು ತಿಂಗಳು ಸಾಕಾಯಿತು.

ಆದರೆ ಅದು ಆಮೇಲಿನ ಮಾತು. ಒಪ್ಪಿಸಿದ ಮರುದಿನ ಅವಳು ಸೇವಾ ಪ್ರಮಾಣಪತ್ರ ಕೇಳಲು ಬಂದಳು. ಮುಂದಿನ ವರ್ಷದ ಅರ್ಜಿಗೆ ಅದು ಬೇಕು. ಹೊರಗೆ ಟಂಟಂ ಗಾಡಿ ನಿಂತಿತ್ತು, ಒಳಗೆ ಅವಳ ತಾಯಿ ಗಂಟುಗಳ ನಡುವೆ ಕುಳಿತಿದ್ದರು. ರಾಮದುರ್ಗದಲ್ಲಿರುವ ಅಣ್ಣನ ಮನೆಗೆ ಹೋಗುತ್ತಾರೆ ಎಂದು ಯಾರೋ ಹೇಳಿದರು. ಆ ಅಣ್ಣನ ಹೆಂಡತಿ ಇವರಿಬ್ಬರನ್ನೂ ಹೊರಗೆ ಹಾಕಿದ ಕಥೆ ನನಗೆ ಗೊತ್ತಿತ್ತು, ಅವಳೇ ಹೇಳಿದ್ದಳು.

ನಾನು ಹಿಂದಿನ ದಿನವೇ ಪ್ರಮಾಣಪತ್ರ ಬರೆದು ಇಟ್ಟಿದ್ದೆ. ಮನಸ್ಸಿಟ್ಟು ಬರೆದಿದ್ದೆ. ಒಂದು ಪುಟ ತುಂಬಿತ್ತು. ಅತ್ಯಂತ ನಿಷ್ಠಾವಂತರು, ಮಕ್ಕಳ ಮೇಲೆ ತಾಯಿಯಂಥ ಮಮತೆ, ಶಾಲೆಯ ಏಳಿಗೆಗೆ ಇವರೇ ಕಾರಣ. ಪ್ರತಿಯೊಂದು ಮಾತೂ ನಿಜ. ಓದಿ ಅವಳ ಕಣ್ಣು ತುಂಬಬಹುದು ಎಂದು ಆಸೆ ಇತ್ತು. ಅವಳು ನಿಂತುಕೊಂಡೇ ಪೂರ್ತಿ ಓದಿ ಕಾಗದವನ್ನು ಮೇಜಿನ ಮೇಲೆ ಇಟ್ಟಳು.

"ಇದೆಲ್ಲಾ ಬ್ಯಾಡ್ರಿ. ಎಂದ ಬಂದ್ನಿ, ಎಂದ ಬಿಟ್ಟನಿ, ಅಷ್ಟ ಬರದ ಕೊಡ್ರಿ."

"ಖರೇನ ಬರದೇನವ್ವ. ಇದ್ರಾಗ ಒಂದೂ ಸುಳ್ಳಿಲ್ಲ" ಎಂದೆ. ಕಾಗದವನ್ನು ಮತ್ತೆ ಅವಳ ಕಡೆ ಸರಿಸಿದೆ.

"ಇರಬಹುದ್ರಿ" ಎಂದಳು. "ನಿಮ್ಮ ಬಾಯಾಗಿನ ಖರೇ ನನಗ ಬ್ಯಾಡ್ರಿ."

ನಾನು ಬೇರೆ ಹಾಳೆ ತೆಗೆದುಕೊಂಡೆ. ಎರಡು ಸಾಲು ಬರೆದು, ಸಹಿ ಮಾಡಿ, ಶಾಲೆಯ ಶಿಕ್ಕೆ ಒತ್ತಿ ಕೊಟ್ಟೆ. ಅವಳು ಅದನ್ನು ನನ್ನ ಮುಂದೆ ಓದಲಿಲ್ಲ. ಪಡಸಾಲೆಗೆ ಹೋಗಿ, ಒಂದನೆಯ ತರಗತಿಗೆ ಅಕ್ಷರ ತಿದ್ದಿಸುತ್ತಿದ್ದ ಹೊಸ ಮಾಸ್ತರರ ಕೈಗೆ ಕೊಟ್ಟಳು. "ಸರ, ತಾರೀಖು ಬರೋಬ್ಬರಿ ಅದಾವೇನು, ಹಾಜರಿ ಪುಸ್ತಕ ತಗದು ಒಂಚೂರು ನೋಡ್ರಿ" ಎಂದಳು.